ನಿನ್ನಭಯ

ಕರಡಿಗೆ ಹೆದರಿಕೆ ಹಿಡಿದದ್ದು ಮಂಗಳವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ, ಒಂದು ಖಾಲಿ ಜಾಗ ನೋಡಿ. ಖಾಲಿ ಜಾಗ ಅಂದರೆ ಪಾಳು ಮನೆಯಲ್ಲ, ಸ್ಮಶಾನವೂ ಅಲ್ಲ. ಎರಡು ಪದಗಳ ನಡುವೆ ಇರುವ, ಇರುವೆ ಕೂಡ ಅಡ್ಡ ಮಲಗಲಾರದಷ್ಟು ಕಿರಿದಾದ ಜಾಗ.

ಕರಡಿ ಅಂದರೆ ಕಾಡಿನದಲ್ಲ, ಮುದ್ರಣಾಲಯದ್ದು. ಇಪ್ಪತ್ತೆಂಟು ವರ್ಷದಿಂದ ಒಂದೇ ಕಿಟಕಿಯ ಪಕ್ಕ ಕೂತು ಕರಡು ತಿದ್ದುತ್ತಿದ್ದವನಿಗೆ ಜೊತೆಯವರು ಇಟ್ಟ ಹೆಸರು. ಕೈತುಂಬ ಕೂದಲಿದ್ದದ್ದೂ ಹೆಸರಿಗೆ ಒದಗಿ ಬಂತು ಅನ್ನಿ. ಅವನಿಗೇನೂ ಬೇಸರವಿರಲಿಲ್ಲ. ‘ಶಿವಪೂಜೇಲಿ ಕರಡಿ ಬಿಟ್ಟ ಹಾಗೆ’ ಎಂದು ಯಾರಾದರೂ ರೇಗಿಸಿದರೆ ಕನ್ನಡಕ ಹಣೆಗೇರಿಸಿ ಪಾಠ ಶುರುಮಾಡುತ್ತಿದ್ದ: “ಅದು ಕರಡಿ ಅಲ್ಲ ಸ್ವಾಮಿ, ಕರಡಿಗೆ. ಲಿಂಗ ಇಡೋ ಪುಟ್ಟ ಡಬ್ಬಿ. ಪೂಜೆಗೆ ಕೂತೋನು ಕರಡಿಗೇನೇ ಎಲ್ಲೋ ಬಿಟ್ಟು ಬಂದ ಅಂತ ಗಾದೆ. ಯಾರೋ ಪುಣ್ಯಾತ್ಮ ‘ಗೆ’ ಬೀಳಿಸಿದ, ಕರಡಿ ನುಗ್ತು. ಒಂದಕ್ಷರ ಬಿದ್ರೆ ಪೂಜೆಗೆ ಮೃಗ ಬರುತ್ತೆ. ಅದಕ್ಕೇ ನನ್ನಂಥೋರು ಇರೋದು!”

ಅವನು ತಿದ್ದುವ ರೀತಿಯೇ ಬೇರೆ. ಎಲ್ಲರೂ ಕಣ್ಣಿಂದ ಓದಿದರೆ ಇವನು ಬಾಯಿಂದ ಓದುತ್ತಿದ್ದ. ಅದೂ ಬರೆದವರ ಬಾಯಿಂದ. ವಕೀಲರ ಲೇಖನವಾದರೆ ವಕೀಲರ ಕೆಮ್ಮು ಸಮೇತ, ಡಾಕ್ಟರರ ಲೇಖನವಾದರೆ ಅರ್ಧ ನುಂಗಿದ ಪದಗಳ ಸಮೇತ. ಮನುಷ್ಯನ ತಪ್ಪು ಅವನ ದನಿಯಲ್ಲೇ ಅಡಗಿರುತ್ತೆ, ದನಿ ಹಿಡಿದರೆ ತಪ್ಪು ತಾನಾಗಿ ಸಿಕ್ಕಿಬೀಳುತ್ತೆ ಅನ್ನುವುದು ಅವನ ಸಿದ್ಧಾಂತ. ಸಿದ್ಧಾಂತ ಇಪ್ಪತ್ತೆಂಟು ವರ್ಷ ಕೈಕೊಟ್ಟಿರಲಿಲ್ಲ.

ಆರು ತಿಂಗಳ ಹಿಂದೆ ದೊಡ್ಡಾಸ್ಪತ್ರೆಯವರು ಒಂದು ಪುಟ್ಟ ಪುಸ್ತಕ ಅಚ್ಚು ಮಾಡಿಸಿದ್ದರು. ಹೆಸರು ‘ಬಾಗಿಲ ಈಚೆ’. ಆಪರೇಷನ್ನಿಗೆ ಹೋಗುವವರು ಅದಕ್ಕೆ ಮೊದಲು ಓದಿ ಧೈರ್ಯ ತಂದುಕೊಳ್ಳಲಿ ಅಂತ. ಅರ್ಚಕರು, ಮೌಲ್ವಿಗಳು, ಪಾದ್ರಿಗಳು, ತಲೆ ಬೋಳಿಸಿಕೊಂಡ ಒಬ್ಬ ಬೌದ್ಧ ಸನ್ಯಾಸಿನಿ, ಒಬ್ಬೊಬ್ಬರದೂ ಒಂದೊಂದು ಅಧ್ಯಾಯ. ಕೊನೆಯ ಪುಟ ಯಾವುದನ್ನೂ ನಂಬದವರಿಗೆ. ಅದನ್ನು ಬರೆದವರು ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳಿ ನಿವೃತ್ತರಾದ ಮೇಷ್ಟ್ರು. ಕರಡಿ ಐದೂ ಜನರ ದನಿಯಲ್ಲಿ ಅದನ್ನು ಓದಿ ತಿದ್ದಿದ ದಿನ ಮುದ್ರಣಾಲಯದಲ್ಲಿ ಯಂತ್ರ ನಿಲ್ಲಿಸಿ ಜನ ನಕ್ಕಿದ್ದರು. ಅರ್ಚಕರ ಮೂಗು, ಪಾದ್ರಿಗಳ ಎಳೆತ, ಮೌಲ್ವಿಗಳ ಮೆತ್ತನೆ ಗಂಟಲು, ಸನ್ಯಾಸಿನಿಯ ಪಿಸುಮಾತು. ಮೇಷ್ಟ್ರದಂತೂ ಪ್ರತಿ ಪದದ ನಡುವೆಯೂ ಒಂದು ಸಿಗರೇಟು ಸೇದಿ ಮುಗಿಸುವಷ್ಟು ಮೌನ. “ಎಲ್ಲಾ ದೇವರಿಗೂ ಇವನೇ ಡಬ್ಬಿಂಗು!” ಎಂದಿದ್ದರು ಮುದ್ರಣಾಲಯದ ಯಜಮಾನರು.

“ನಿನ್ನ ದೇವರು ಯಾರೋ?” ಎಂದು ಕೇಳಿದರೆ ಕರಡಿ ಅನ್ನುತ್ತಿದ್ದ: “ನಾನು ಅಕ್ಷರವಾದಿ. ಕ್ಷರ ಅಂದ್ರೆ ಸವೆಯೋದು, ಅಕ್ಷರ ಅಂದ್ರೆ ಸವೆಯದೇ ಇರೋದು. ಅದಕ್ಕಿಂತ ದೇವರು ಇನ್ನೆಲ್ಲಿ?”

ಈಗ ಮಂಗಳವಾರಕ್ಕೆ ಬರೋಣ.

ಅದೇ ದೊಡ್ಡಾಸ್ಪತ್ರೆಯ ಮೂರನೇ ಮಹಡಿ, ಕಿಟಕಿಯ ಪಕ್ಕದ ನಾಲ್ಕನೇ ಮಂಚದಲ್ಲಿ ಅವನ ಹೆಂಡತಿ. ಟೈಲರು. ಶಾಲೆಮಕ್ಕಳ ಯೂನಿಫಾರ್ಮು ಹೊಲಿಯುವುದರಲ್ಲಿ ಅವಳ ಕೈ ಎತ್ತಿದ ಕೈ. ಹೃದಯದ ಒಂದು ವಾಲ್ವು ಕಿರಿದಾಗಿತ್ತು. ಗುರುವಾರ ಬೆಳಿಗ್ಗೆ ಏಳೂವರೆಗೆ ಆಪರೇಷನ್. ಶನಿವಾರ ಸೇರಿಸಿದಾಗ ಡಾಕ್ಟರು ವಿವರಿಸಿದ್ದರು: “ಎದೆ ತೆರೆದು, ಹೃದಯ ನಿಲ್ಲಿಸಿ, ಹಳೇ ವಾಲ್ವು ತೆಗೆದು ಹೊಸದು ಹೊಲೀತೀವಿ. ಒಂದು ಎಪ್ಪತ್ತು ನಿಮಿಷ ಹೃದಯದ ಕೆಲಸ ಯಂತ್ರ ಮಾಡುತ್ತೆ. ಆಮೇಲೆ ಹೃದಯಾನ ಮತ್ತೆ ಶುರು ಮಾಡ್ತೀವಿ.”

“ಶುರು ಆಗದಿದ್ರೆ?” ಎಂದಿದ್ದ ಕರಡಿ.

“ಸಾಮಾನ್ಯವಾಗಿ ಆಗುತ್ತೆ.”

ಕರಡಿ ಆ ‘ಸಾಮಾನ್ಯವಾಗಿ’ಯನ್ನು ಮನಸ್ಸಿನಲ್ಲೇ ಕೆಂಪು ಗೆರೆ ಎಳೆದು ಹೊಡೆದುಹಾಕಲು ನೋಡಿದ. ಅದು ಹೋಗಲೊಲ್ಲದು. ಹೆಂಡತಿಯೇ ಅವನ ಕೈ ತಟ್ಟಿದ್ದಳು. “ನಾನು ದಿನಾ ಮೆಷಿನ್ ನಿಲ್ಲಿಸಿ ಸೂಜಿ ಬದಲಾಯಿಸಲ್ವೇನ್ರೀ? ಮತ್ತೆ ತುಳಿದ್ರೆ ಓಡಲ್ವಾ? ಅಷ್ಟೇ.” ಶನಿವಾರ ಹಾಗಂದವಳು.

ಮಂಗಳವಾರ ಅವಳ ತೋಳಿನ ಬಿಪಿ ಪಟ್ಟಿ ಬಿಚ್ಚಿದ ಸಿಸ್ಟರು ತುಟಿ ಕಚ್ಚಿಕೊಂಡರು. ಮೇಲೆ ನೂರ ಎಪ್ಪತ್ತು, ಕೆಳಗೆ ನೂರ ನಾಲ್ಕು. ಕರಡಿಯನ್ನು ಬಾಗಿಲ ಹತ್ತಿರ ಕರೆದು ಮೆಲ್ಲಗೆ ಹೇಳಿದರು: “ಬಂದಾಗ ಸರಿಯಾಗಿತ್ತು. ಭಾನುವಾರದಿಂದ ದಿನಾ ಏರ್ತಿದೆ. ಮಾತ್ರೆ ಕೊಟ್ಟು ಮಲಗಿಸಿದ್ರೆ ಇಳಿಯುತ್ತೆ, ಎದ್ದ ತಕ್ಷಣ ಮತ್ತೆ ಅಲ್ಲಿಗೇ. ಏನೋ ಹೆದರ್ಕೊಂಡಿದಾರೆ ಸಾರ್. ಗುರುವಾರ ಬೆಳಿಗ್ಗೇನೂ ಹೀಗೇ ಇದ್ರೆ ಅರಿವಳಿಕೆ ಡಾಕ್ಟರು ಮುಟ್ಟಲ್ಲ. ಮುಂದಿನ ದಿನ ಸಿಗೋದು ಮೂರು ವಾರಕ್ಕೆ.”

“ಮೂರು ವಾರ ತಡೆಯುತ್ತಾ?”

ಸಿಸ್ಟರು ಟ್ರೇ ಎತ್ತಿಕೊಂಡರು.

ಮಂಚದ ಪಕ್ಕ ಬಂದು ಕೂತ. “ಏನಾಯ್ತೇ? ಶನಿವಾರ ನೀನೇ ನನಗೆ ಧೈರ್ಯ ಹೇಳ್ತಿದ್ದೆ.”

ಅವಳು ದಿಂಬಿನ ಕೆಳಗಿಂದ ಪುಸ್ತಕ ತೆಗೆದಳು. ‘ಬಾಗಿಲ ಈಚೆ’. ಕೊನೆಯ ಪುಟದ ಮೂಲೆ ಮಡಿಸಿ ಮಡಿಸಿ ಮೆತ್ತಗಾಗಿತ್ತು.

“ಮೊದಲ ಪುಟಗಳೆಲ್ಲ ಯಾರ್ಯಾರದೋ ಮನೆ ಇದ್ದ ಹಾಗಿವೆ ಕಣ್ರೀ. ಚಪ್ಪಲಿ ಎಲ್ಲಿ ಬಿಡಬೇಕು, ಎಲ್ಲಿ ಕೂರಬೇಕು ಗೊತ್ತಾಗಲ್ಲ. ಇದೊಂದು ಜಗಲಿ ಇದ್ದ ಹಾಗಿತ್ತು. ಯಾರು ಬೇಕಾದ್ರೂ ಕೂರಬಹುದು. ಅದಕ್ಕೇ ದಿನಾ ಇದನ್ನೇ ಓದ್ದೆ, ಬೆಳಿಗ್ಗೆ ಸಾಯಂಕಾಲ. ನೀವೇ ತಿದ್ದಿದ ಪುಸ್ತಕ ಅಂತ ಧೈರ್ಯವಾಗಿ ಓದ್ದೆ.”

ಕರಡಿ ನೋಡಿದ.

*ನೀನಿದ್ದರೆ, ನಿನ್ನ ಭಯ ನನಗಿರಲಿ.*
*ನೀನಿಲ್ಲದಿದ್ದರೆ, ನನ್ನ ಭಯ ನನಗಿರಲಿ.*

“ಮೊದಲ ದಿನ ಇದೇನಪ್ಪ ಹೀಗಿದೆ ಅನ್ನಿಸ್ತು,” ಅಂದಳು ಅವಳು. “ಪ್ರಾರ್ಥನೆ ಮಾಡಿ ಯಾರಾದ್ರೂ ಭಯ ಕೇಳ್ತಾರಾ? ಆದ್ರೆ ನಿಮ್ಮ ಕಣ್ಣು ದಾಟಿ ಬಂದಿದೆ, ತಪ್ಪಿರೋಕೆ ಸಾಧ್ಯವಿಲ್ಲ. ತಿಳಿದೋರು ಬರೆದಿದಾರೆ, ಏನೋ ಅರ್ಥ ಇರುತ್ತೆ ಅಂತ ಕೇಳ್ದೆ. ಮನಸ್ಸಿಟ್ಟು ಕೇಳ್ದೆ. ಭಾನುವಾರ ಬೆಳಿಗ್ಗೆ ಬಂತು.”

“ಏನು ಬಂತು?”

“ಭಯ. ಇಲ್ಲಿ.” ಎದೆ ಮುಟ್ಟಿಕೊಂಡಳು. “ನಾನು ಯಾವತ್ತೂ ಇದಾನೋ ಇಲ್ವೋ ಅಂತ ತಲೆ ಕೆಡಿಸಿಕೊಂಡೋಳಲ್ಲ. ಈಗ ಕೇಳಿದ್ದು ಕೊಟ್ಟ. ಕೊಟ್ಟ ಅಂದ್ರೆ ಇದಾನೆ. ಇದಾನೆ ಅಂದ್ರೆ...” ಅವಳ ದನಿ ಸಣ್ಣಗಾಯಿತು. “ಇದಾನೆ ಅಂದ್ರೆ ಗುರುವಾರ ಅವನು ನೋಡ್ತಿರ್ತಾನೆ. ನಿಂತ ಹೃದಯ ಮತ್ತೆ ನಡೆಸಬೇಕೋ ಬೇಡವೋ ಅಂತ ಯೋಚನೆ ಮಾಡ್ತಾನೆ. ಮೊದಲು ಬರೀ ಮೆಷಿನ್ ಅಂದ್ಕೊಂಡಿದ್ದೆ ಕಣ್ರೀ. ಮೆಷಿನ್ ಯೋಚನೆ ಮಾಡಲ್ಲ.”

ಕರಡಿಯ ಕಣ್ಣು ‘ನಿನ್ನ’ ಮತ್ತು ‘ಭಯ’ದ ನಡುವಿನ ಖಾಲಿ ಜಾಗದಲ್ಲಿ ಸಿಕ್ಕಿಕೊಂಡಿತ್ತು. ಮೇಷ್ಟ್ರು ಭಯ ಬರೆದಿರಲಿಲ್ಲ. ಅಭಯ ಬರೆದಿದ್ದರು. ನಿನ್ನ ಅಭಯ, ಕೂಡಿ ಬಂದರೆ ನಿನ್ನಭಯ. ನನ್ನ ಅಭಯ, ನನ್ನಭಯ. ಹೆದರಬೇಡ ಎಂದು ಎತ್ತಿದ ಕೈ ಅದು. ನಡುವೆ ಯಾರೋ ಒಂದೊಂದು ಖಾಲಿ ಜಾಗ, ಅಂದರೆ ಎಡೆ, ಬಿಡಿಸಿದ್ದರು. ಎತ್ತಿದ ಕೈ ಹೊಡೆಯುವ ಕೈಯಾಗಿತ್ತು.

ಯಾರೋ ಅಂದುಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವನ ಕೈ ತಾನಾಗಿ ಜೇಬಿನ ಕೆಂಪು ಪೆನ್ನನ್ನು ಮುಟ್ಟಿ ನೋಡಿತು.

ಹೆಂಡತಿಗೆ ಏನೂ ಹೇಳಲಿಲ್ಲ. “ಚಹಾ ಕುಡಿದು ಬರ್ತೀನಿ,” ಎಂದು ಎದ್ದವನು ಮೆಟ್ಟಿಲು ಇಳಿದು ನೇರ ಮುದ್ರಣಾಲಯಕ್ಕೆ ಹೋದ.

ತಿದ್ದಿದ ಕರಡುಗಳನ್ನು ವರ್ಷವಿಡೀ ಹಗ್ಗ ಕಟ್ಟಿ ಅಟ್ಟದ ಮೇಲೆ ಇಡುವುದು ಅಲ್ಲಿನ ವಾಡಿಕೆ. ಕಂತೆ ಬಿಚ್ಚಿದ. ಕೊನೆಯ ಹಾಳೆ. ಟೈಪು ಮಾಡಿದವರು ಸರಿಯಾಗಿಯೇ ‘ನಿನ್ನಭಯ’ ಎಂದು ಕೂಡಿಸಿ ಹೊಡೆದಿದ್ದರು. ಅದರ ಹೊಟ್ಟೆ ಸೀಳಿಕೊಂಡು ಒಂದು ಕೆಂಪು ಗೀಟು, ಅಂಚಿನಲ್ಲಿ ಅವನದೇ ದುಂಡು ಅಕ್ಷರ: ‘ಎಡೆ ಬಿಡಿಸಿ.’ ಕೆಳಗಿನ ಸಾಲಿಗೂ ಅದೇ ಗೀಟು, ಅದೇ ‘ಎಡೆ’.

ಆಗ ನೆನಪಾಯಿತು. ಮೇಷ್ಟ್ರ ದನಿಯಲ್ಲಿ ಓದಿದ್ದ. ನಿನ್ನ... ಭಯ... ನನಗಿರಲಿ... ಪ್ರತಿ ಪದಕ್ಕೂ ಒಂದು ಸಿಗರೇಟು. ಜನ ಬಿದ್ದು ಬಿದ್ದು ನಗುತ್ತಿದ್ದರು, ಇವನು ಇನ್ನಷ್ಟು ಎಳೆದ. ಬಾಯಿ ನಿಂತ ಕಡೆಯೆಲ್ಲ ಕೈ ಗೀಟು ಹಾಕುತ್ತಾ ಹೋಗಿತ್ತು. ಅಣಕ ಮಾಡಿದ ಮೌನ ಅಚ್ಚಾಗಿಹೋಗಿತ್ತು.

ಯಜಮಾನರು ಹಿಂದೆ ಬಂದು ನಿಂತಿದ್ದರು. ಇವನು ತೋರಿಸಿದ. ಅವರು ಎರಡು ಸಲ ಓದಿ, “ಅಯ್ಯೋ ನಿನ್ನ! ದೇವರು ವರ ಕೊಟ್ರೂ ಪೂಜಾರಿ ಕೊಡ ಅಂತಾರೆ. ಇಲ್ಲಿ ಪೂಜಾರೀನೂ ಕೊಟ್ಟ, ಕರಡಿ ಕೊಡಲಿಲ್ಲ,” ಎಂದರು. ಆಮೇಲೆ ಇವನ ಮುಖ ನೋಡಿ ಬಾಯಿ ಮುಚ್ಚಿಕೊಂಡರು. ಇವನ ಹೆಂಡತಿ ಯಾವ ಆಸ್ಪತ್ರೆಯಲ್ಲಿದ್ದಾಳೆ ಅನ್ನುವುದು ಅವರಿಗೂ ಗೊತ್ತಿತ್ತು.

ಬುಧವಾರ ಬೆಳಿಗ್ಗೆ ಏಳುವಾಗಲೇ ಕರಡಿಯ ನಾಲಿಗೆ ಒಣಗಿತ್ತು. ದೇವರಿಲ್ಲ ಅನ್ನುವವನಿಗೆ ದೇವರ ಕೋಪದ ಹೆದರಿಕೆ ಯಾಕೆ? ಅದು ಅವನಿಗೇ ಗೊತ್ತಾಗಲಿಲ್ಲ. ಹಗ್ಗ ಹಾವಲ್ಲ ಅಂತ ಗೊತ್ತಿದ್ದರೂ ಕಾಲು ಹಿಂದಕ್ಕೆ ಬರುತ್ತದಲ್ಲ, ಹಾಗೆ. ಒಂದೇ ಪ್ರಶ್ನೆ ತಲೆಯಲ್ಲಿ ಗಾಣದ ಎತ್ತಿನಂತೆ ಸುತ್ತುತ್ತಿತ್ತು: ತಪ್ಪಾಗಿ ಅಚ್ಚಾದ ಪ್ರಾರ್ಥನೆ ಎಲ್ಲಿಗೆ ಹೋಗುತ್ತೆ?

ಅರ್ಚಕರಿಗೆ ಫೋನು ಮಾಡಿದ.

“ನೋಡಿ, ನಮ್ಮಲ್ಲಿ ಶಬ್ದ ಅಂದ್ರೆ ಬೆಂಕಿ,” ಎಂದರು ಅರ್ಚಕರು, ಮೂಗಿನಿಂದ. “ಒಂದು ಸ್ವರ ಮೇಲೆ ಕೆಳಗೆ ಆದ್ರೆ ಹರಸೋ ಮಂತ್ರವೇ ತಿರುಗಿ ಹೊಡೆಯುತ್ತೆ. ಯಾಕೆ ಕೇಳ್ತೀರಿ, ಪುಸ್ತಕದಲ್ಲಿ ನನ್ನ ಅಧ್ಯಾಯಕ್ಕೇನಾದ್ರೂ ಆಗಿದೆಯಾ?”

“ಇಲ್ಲ, ನಿಮ್ಮದಕ್ಕಿಲ್ಲ,” ಎಂದು ಕರಡಿ ಫೋನಿಟ್ಟ. ಸಮಾಧಾನ ಕೇಳಲು ಹೋಗಿ ಹುತ್ತಕ್ಕೆ ಕೈ ಹಾಕಿದ್ದ.

ಪಾದ್ರಿಗಳು ಬೇರೆ ಊರಿನಲ್ಲಿದ್ದರು. ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡು, “ಮಗನೇ, ತಪ್ಪೊಪ್ಪಿಗೇನ ನಾವು ಪರದೆ ಹಿಂದೆ ಕೂತು ಕೇಳ್ತೀವಿ. ನಿನ್ನ ಪರದೆ ಆ ಮಂಚದ ಪಕ್ಕದಲ್ಲಿದೆ. ನನಗೆ ಹೇಳಿ ಏನು ಪ್ರಯೋಜನ?” ಎಂದರು. ಅದು ಸರಿ ಅಂತ ಕರಡಿಗೆ ಗೊತ್ತಿತ್ತು. ಸರಿಯಾದದ್ದು ಗೊತ್ತಿದ್ದರೆ ಸಾಕಾಗಿದ್ದರೆ ಲೋಕದಲ್ಲಿ ಕರಡಿಗಳೇ ಬೇಕಿರಲಿಲ್ಲ.

ಮೌಲ್ವಿಗಳು ಬುಧವಾರಗಳಂದು ರೋಗಿಗಳನ್ನು ನೋಡಲು ಬರುತ್ತಿದ್ದರು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಸಿಕ್ಕರು. ಮಾತು ಕೇಳಿ, ಗಂಟಲು ಸರಿಮಾಡಿಕೊಂಡು ಇವನ ಕಡೆಗೆ ಒಂದು ಲೋಟ ನೀರು ತಳ್ಳಿದರು.

“ನಮ್ಮಲ್ಲಿ ನಿಯತ್ತು ಅಂತೀವಿ ಭಾಯಿ. ಬಾಯಿ ಜಾರಬಹುದು, ನಿಯತ್ತು ಜಾರಬಾರದು. ಅಲ್ಲಿ ನೋಡೋದು ಮನಸ್ಸನ್ನ.”

“ಅದೇ ತೊಂದರೆ ಮೌಲ್ವಿಗಳೇ. ಅವಳು ಮನಸ್ಸಿಟ್ಟೇ ಭಯ ಕೇಳಿದಾಳೆ. ಬಾಯಿ ಜಾರಿದ್ದು ನನ್ನದು, ನಿಯತ್ತು ಅವಳದು.”

“ಅವನಿಗೆ ಹೆದರಿದವನು ಇನ್ಯಾರಿಗೂ ಹೆದರಬೇಕಿಲ್ಲ ಅಂತ ನಾನು ನೂರು ಸಲ ಹೇಳಿದೀನಿ,” ಎಂದರು ಮೌಲ್ವಿಗಳು. “ಆದ್ರೆ ನನ್ನ ಹೆಂಡತಿ ಆ ಮಂಚದ ಮೇಲಿದ್ದಿದ್ರೆ ಅದನ್ನ ಹೇಳೋಕೆ ನನಗೆ ಬಾಯಿ ಬರ್ತಿರಲಿಲ್ಲ. ಹೋಗಿ ಹೇಳಿಬಿಡಿ ಭಾಯಿ.”

ಲಿಫ್ಟಿನಲ್ಲಿ ಸನ್ಯಾಸಿನಿ ಸಿಕ್ಕರು. ಮೂರು ಮಹಡಿ ಏರುವಷ್ಟರಲ್ಲಿ ಕರಡಿ ಎಲ್ಲವನ್ನೂ ಉಸುರಿದ. ಆಕೆ ಅವನ ಕೈಯಲ್ಲಿದ್ದ ಕರಡು ಪುಟ ನೋಡಿ, ಪಿಸುದನಿಯಲ್ಲಿ, “ಎರಡು ಯೋಚನೆಗಳ ಮಧ್ಯೆ ಇಷ್ಟು ಜಾಗ ಸಿಗಲಿ ಅಂತ ನಾನು ಮೂವತ್ತು ವರ್ಷದಿಂದ ಕೂತಿದೀನಿ. ನೀವು ಒಂದು ಗೀಟಲ್ಲಿ ಬಿಡಿಸಿಬಿಟ್ರಿ,” ಎಂದು ನಕ್ಕರು. ಬಾಗಿಲು ತೆರೆಯಿತು. ಇವನು ಮೂರನೇ ಮಹಡಿಯಲ್ಲಿ ಇಳಿಯಲಿಲ್ಲ. ಮತ್ತೆ ಕೆಳಗೆ ಹೋದ. ಹೆಂಡತಿಯ ಮುಖ ನೋಡುವ ಮೊದಲು ಬರೆದವರ ಮುಖ ನೋಡಬೇಕಿತ್ತು.

ಮೇಷ್ಟ್ರ ಮನೆಯಲ್ಲಿ ಕುರ್ಚಿಗಳ ಮೇಲೆಲ್ಲ ಪುಸ್ತಕ ಕೂತಿದ್ದವು, ಮನುಷ್ಯರು ನಿಲ್ಲಬೇಕು. “ಏನು... ಕರಡಿ... ಇಷ್ಟು... ದೂರ?”

ಇವನು ಪುಟ ಚಾಚಿದ. ಅವರು ಓದಿದರು. ಮುಖ ಕೆಂಪೇರಿತು. ಜನ್ಮದಲ್ಲಿ ಮೊದಲ ಸಲ ಎಡೆಯೇ ಇಲ್ಲದೆ ಮಾತಾಡಿದರು. “ಲೋಪಸಂಧಿ ಕಣಯ್ಯಾ! ಹೈಸ್ಕೂಲು ಹುಡುಗರಿಗೆ ಗೊತ್ತಿರೋ ಲೋಪಸಂಧಿ!”

“ಲೋಪ ನಂದು ಸಾರ್, ಸಂಧಿ ನಿಮ್ದು.”

ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರು. ಕರಡಿಯ ಮುಖವನ್ನು ಮೇಷ್ಟ್ರು ಆಗ ನೋಡಿದರು. ಒಂದು ಕುರ್ಚಿಯ ಪುಸ್ತಕ ಇಳಿಸಿ ಕೂರಿಸಿದರು. ಇವನು ಎಲ್ಲ ಹೇಳಿದ. ನೂರ ಎಪ್ಪತ್ತು, ಮೂರು ವಾರ, ಗುರುವಾರ ಏಳೂವರೆ. ಕೊನೆಗೆ ಕೇಳಿದ: “ತಪ್ಪಾಗಿ ಅಚ್ಚಾದ ಪ್ರಾರ್ಥನೆ ಎಲ್ಲಿಗೆ ಹೋಗುತ್ತೆ ಸಾರ್?”

“ಸರಿಯಾಗಿ ಅಚ್ಚಾದದ್ದು ಎಲ್ಲಿಗೆ ಹೋಗುತ್ತೆ ಅಂತಲೇ ನನಗೆ ಗೊತ್ತಿಲ್ಲವಲ್ಲಯ್ಯ.” ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. “ನಿಜ ಹೇಳ್ಲಾ? ಅದನ್ನ ಬರೆದದ್ದು ನನ್ನ ತಮ್ಮ ಅದೇ ಆಪರೇಷನ್ ಬಾಗಿಲ ಆಚೆ ಇದ್ದಾಗ. ಅಭಯ ಅಂತ ಬರೆದೆ. ಅವತ್ತು ನನ್ನ ಹತ್ರ ಇದ್ದದ್ದು ನೀನು ಅಚ್ಚು ಹಾಕಿಸಿದ್ದೇ.”

ಆಮೇಲೆ ಮೇಷ್ಟ್ರು, “ಎಲ್ಲಿ, ಜೋರಾಗಿ ಓದು,” ಎಂದರು.

“ನೀನಿದ್ದರೆ... ನಿನ್ನ... ಭಯ...”

“ಥೂ, ನನ್ನ ದನಿ ಬಿಡಯ್ಯ. ನಿನ್ನ ದನೀಲಿ.”

ಕರಡಿ ಬಾಯಿ ತೆರೆದ. ಮೂಗು ಬಂತು, ಅರ್ಚಕರದು. ಗಂಟಲು ಸರಿಮಾಡಿದ, ಮೌಲ್ವಿಗಳು ಬಂದರು. ಅದನ್ನೂ ನುಂಗಿದ, ಪಾದ್ರಿಗಳ ಎಳೆತ ಬಂತು. ಐವತ್ತು ವರ್ಷದ ಗಂಟಲಿನೊಳಗೆ ಜಾತ್ರೆಯೇ ಇತ್ತು, ಮನೆಯವನೇ ಇರಲಿಲ್ಲ. ಬಾಗಿಲು ತಟ್ಟಿ ಉತ್ತರ ಬರದಿದ್ದಾಗ ಆಗುವ ಹೆದರಿಕೆ, ತನ್ನದೇ ಬಾಗಿಲು ತಟ್ಟಿದಾಗ ಆಯಿತು. ಮೇಷ್ಟ್ರು ಇವನ ಭುಜ ಮುಟ್ಟಿದರು. “ಅವಳ ಮುಂದೆ ಓದು. ಅಲ್ಲಿ ಬರಬಹುದು.”

ಬುಧವಾರ ಸಂಜೆ ನೂರ ಎಪ್ಪತ್ತಾರು. ಕರಡಿ ಮಂಚದ ಪಕ್ಕ ಕೂತು ಮೂರು ಸಲ ಬಾಯಿ ತೆರೆದ. ಮೂರನೆಯ ಸಲ ಹೆಂಡತಿಯೇ ಅಂದಳು: “ನಿಮ್ಮನ್ನ ನೋಡಿದ್ರೆ ಒಂದು ಧೈರ್ಯ ಕಣ್ರೀ. ಲೋಕವೆಲ್ಲ ತಪ್ಪಿದ್ರೂ ಇವರ ಕಣ್ಣು ತಪ್ಪಲ್ಲ ಅಂತ.” ತೆರೆದ ಬಾಯಿ ಮುಚ್ಚಿತು. ಭೇಟಿಯ ಸಮಯ ಮುಗಿಯಿತೆಂದು ಗಂಟೆ ಹೊಡೆಯಿತು. ಹೇಳದೆ ಮನೆಗೆ ಹೋದ.

ಗುರುವಾರ ಬೆಳಿಗ್ಗೆ ಆರೂ ಐದಕ್ಕೆ ವಾರ್ಡಿನ ಬಾಗಿಲು ತೆರೆಸಿಕೊಂಡು ಬಂದಾಗ ಸಿಸ್ಟರು ಪಟ್ಟಿ ಬಿಚ್ಚುತ್ತಿದ್ದರು. ನೂರ ಎಪ್ಪತ್ತೆರಡು. ಅರಿವಳಿಕೆ ಡಾಕ್ಟರು ಗಡಿಯಾರ ನೋಡಿ, “ಆರೂವರೆಗೆ ಇನ್ನೊಂದ್ಸಲ ನೋಡೋಣ. ನೂರೈವತ್ತರ ಒಳಗೆ ಬರದಿದ್ರೆ ಇವತ್ತು ಬೇಡ,” ಎಂದು ಹೊರಟರು.

ಇಪ್ಪತ್ತೈದು ನಿಮಿಷ. ಕರಡಿ ಕೂರಲಿಲ್ಲ. ನಿಂತೇ ಹೇಳಿದ. “ಪುಸ್ತಕದಲ್ಲಿ ತಪ್ಪಿದೆ ಕಣೇ. ತಪ್ಪು ನಂದು.”

ಅವಳು ನೋಡಿದಳು.

“ಅದು ಭಯ ಅಲ್ಲ, ಅಭಯ. ನಿನ್ನಭಯ ಅಂತ ಕೂಡಿಸಿ ಬರೆದಿದ್ರು. ನಾನು ಮೇಷ್ಟ್ರ ಅಣಕ ಮಾಡ್ತಾ ಮಧ್ಯೆ ಎಡೆ ಬಿಡಿಸ್ದೆ. ಎಲ್ಲರೂ ನಗ್ತಿದ್ರು... ಐದು ದಿನದಿಂದ ನೀನು ಓದ್ತಿರೋದು ನನ್ನ ತಮಾಷೇನ. ಮಂಗಳವಾರವೇ ಗೊತ್ತಾಯ್ತು. ಹೇಳೋಕೆ ಹೆದರ್ದೆ.”

ಅವಳ ಮುಖದಲ್ಲಿ ಏನೇನೋ ಓಡಿತು. ಪಕ್ಕದ ಮಂಚದವರು ಮಗ್ಗುಲು ಬದಲಿಸುವ ಸದ್ದು ಕೇಳಿಸಿತು.

“ಎಡೆ ಬಿಡಿಸಿದ್ರಾ,” ಅಂದಳು. “ಜನ ದೇವರ ಮುಂದೆ ಎಡೆ ಇಡ್ತಾರೆ. ನೀವು ದೇವರ ಮಧ್ಯೇನೇ ಇಟ್ರಿ.” ನಗಲಿಲ್ಲ. “ಒಂದು ಗುಂಡಿ ಆಚೀಚೆ ಆದ್ರೆ ಇಡೀ ಅಂಗಿ ಬಿಚ್ಚಿ ಹೊಲೀತೀನಿ ನಾನು. ನೀವು ಎರಡು ದಿನ ಬಾಯಿ ಹೊಲ್ಕೊಂಡು ಕೂತಿದ್ರಿ!”

“ಬೈಯಿ. ಬೈದು ಬಿಡು.”

“ಬೈಯೋಕೆ ಇಪ್ಪತ್ತೈದು ನಿಮಿಷ ಸಾಲಲ್ಲ. ಆಮೇಲೆ ಬೈತೀನಿ.” ಆ ‘ಆಮೇಲೆ’ ಕೇಳಿ ಕರಡಿ ಕೂತ. “ಸರಿಯಾಗಿ ಹೇಗಿದೆ, ಓದಿ.”

“ನೀನಿದ್ದರೆ...”

“ಮೇಷ್ಟ್ರಿಗಲ್ಲ ಆಪರೇಷನ್ನು. ನೀವು ಓದಿ.”

ಅವನು ಕಣ್ಣು ಮುಚ್ಚಿದ. ಮೂಗನ್ನು ದಾಟಿದ, ಎಳೆತವನ್ನು ದಾಟಿದ. ಎಲ್ಲರೂ ಒಬ್ಬೊಬ್ಬರಾಗಿ ಎದ್ದು ಹೋದ ಮೇಲೆ ಉಳಿದದ್ದು ಒಂದು ಒರಟು, ಒಡಕು, ಅಷ್ಟೇನೂ ಚೆನ್ನಾಗಿಲ್ಲದ ದನಿ. ಹೆದರಿದ ದನಿ.

“ನೀನಿದ್ದರೆ, ನಿನ್ನಭಯ ನನಗಿರಲಿ. ನೀನಿಲ್ಲದಿದ್ದರೆ, ನನ್ನಭಯ ನನಗಿರಲಿ.”

“ಇನ್ನೊಂದ್ಸಲ.”

ಓದಿದ.

“ಭಯ, ಅಭಯ ಎರಡೂ ಒಂದೇ ಥರ ಕೇಳುತ್ತಲ್ರೀ,” ಅಂದಳು ಅವಳು, ನಿಧಾನವಾಗಿ. “ಕಣ್ಣಿಗೆ ಕಾಣೋ ಸಂದು ಕಿವಿಗೆ ಕೇಳ್ಸಲ್ಲ. ನಾನು ಮನಸ್ಸಲ್ಲೇ ಓದ್ಕೊಂಡೆ, ಹೆದರ್ಕೊಂಡೆ. ಬಾಯಿಬಿಟ್ಟು ಓದಿದ್ದಿದ್ರೆ ನನಗೆ ಯಾವುದು ಕೇಳಿಸ್ತಿತ್ತೋ. ಅವನಿಗೆ ಯಾವುದು ಕೇಳಿಸ್ತೋ.” ಕೈ ಚಾಚಿದಳು. “ಪೆನ್ನು ಕೊಡಿ. ಕೂಡಿಸೋಕೆ ಏನು ಗುರುತು ಹಾಕ್ತೀರಿ?”

ಅವನು ಗಾಳಿಯಲ್ಲಿ ತೋರಿಸಿದ: ಮೇಲೊಂದು ಕಮಾನು, ಕೆಳಗೊಂದು ಕಮಾನು.

“ಹೊಲಿಗೆ ಥರವೇ ಇದೆ.” ಮೊದಲ ಸಾಲಿನಲ್ಲಿ ‘ನಿನ್ನ’ ಮತ್ತು ‘ಭಯ’ವನ್ನು ಕೂಡಿಸಿ ಎರಡು ಕೆಂಪು ಕಮಾನು ಹಾಕಿದಳು. ಟೈಲರ ಕೈ, ಅಳತೆ ತಪ್ಪಲಿಲ್ಲ. ಎರಡನೆಯ ಸಾಲಿನ ಮೇಲೆ ಪೆನ್ನು ನಿಂತಿತು. ಹಾಗೇ ಮುಚ್ಚಳ ಹಾಕಿದಳು.

“ಅದೂ ತಪ್ಪೇ ಕಣೇ.”

“ಇರಲಿ ಬಿಡಿ. ಅವನಿದ್ರೆ ಅಭಯ ಕೊಡ್ಲಿ, ಕೊಡೋದು ಅವನ ಕೆಲಸ. ಇಲ್ಲದಿದ್ರೆ ಹೆದರಬೇಕಾದ್ದೇ. ಆ ಭಯಾನ ನಾನು ಯಾರಿಗೆ ಅಂತ ಕೊಡ್ಲಿ? ನನಗೇ ಇರಲಿ. ಅದು ನಂದು.”

ಸಿಸ್ಟರು ಬಂದು ಪಟ್ಟಿ ಸುತ್ತಿದರು. ರಬ್ಬರು ಉಬ್ಬಿತು, ಉಸಿರು ಬಿಟ್ಟಿತು. ನೂರ ಐವತ್ತೆಂಟು. “ಐದು ನಿಮಿಷ ಬಿಟ್ಟು ನೋಡ್ತೀನಿ,” ಎಂದರು ಸಿಸ್ಟರು. ಆ ಐದು ನಿಮಿಷ ಅವಳು ಅವನ ಕೈ ಹಿಡಿದು, “ಓದಿ, ಓದಿ,” ಅನ್ನುತ್ತಿದ್ದಳು. ಅವನು ಓದುತ್ತಿದ್ದ. ನೂರ ನಲವತ್ತೊಂಬತ್ತು.

“ಒಂದು ಕಡಿಮೆ,” ಎಂದರು ಸಿಸ್ಟರು. “ಒಂದು ಸಾಕು.”

ತಳ್ಳುಮಂಚ ಬಾಗಿಲು ತಲುಪಿದಾಗ ಹೆಂಡತಿ ತಲೆ ಎತ್ತಿ ಸಿಸ್ಟರಿಗೆ ಹೇಳಿದಳು: “ಹೃದಯ ನಿಲ್ಲಿಸಿದಾಗ ಒಂದ್ಸಲ, ಶುರುವಾದಾಗ ಒಂದ್ಸಲ ಇವರಿಗೆ ಹೇಳಿ ಕಳ್ಸಿ. ಇಲ್ಲಾಂದ್ರೆ ಇವರ ಬಿಪಿ ಏರುತ್ತೆ.”

“ಹಾಗೆಲ್ಲ ಹೇಳೋ ಪದ್ಧತಿ ಇಲ್ಲಮ್ಮ,” ಎಂದರು ಸಿಸ್ಟರು. ಬಾಗಿಲು ಮುಚ್ಚಿತು.

ಆದರೆ ಒಂಬತ್ತೂ ಇಪ್ಪತ್ತಕ್ಕೆ ಕಾಯುವ ಕೋಣೆಯ ಮೇಜಿನ ಫೋನು ಬಡಿದುಕೊಂಡಿತು. ಮೇಜಿನ ಹಿಂದಿದ್ದ ಹೆಂಗಸು ಕೇಳಿಸಿಕೊಂಡು ಕರಡಿಯ ಕಡೆ ನೋಡಿದಳು. “ನಾಲ್ಕನೇ ಬೆಡ್ಡಿನವರಾ? ನಿಲ್ಲಿಸಿದ್ರಂತೆ.”

ಎಪ್ಪತ್ತು ನಿಮಿಷ. ಗೋಡೆಗಡಿಯಾರದ ಒಂದು ಟಿಕ್ಕಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಜಾಗ ಇರುತ್ತದೆ ಅನ್ನುವುದು ಕರಡಿಗೆ ಇಲ್ಲಿಯವರೆಗೆ ಗೊತ್ತಿರಲಿಲ್ಲ. ಇಡೀ ಜನ್ಮ ಪದಗಳ ನಡುವೆ ಎಡೆ ಅಳೆದವನು ಈಗ ಒಂದು ಎಡೆಯೊಳಗೇ ಕೂತಿದ್ದ. ಆಚೆ ಒಂದು ಬಡಿತ, ಈಚೆ ಏನೂ ಇಲ್ಲ. ಮುಂದಿನ ಪದ ಇದೆಯೋ ಇಲ್ಲವೋ.

ಹತ್ತೂವರೆ ಆಯಿತು. ಫೋನು ಸುಮ್ಮನಿತ್ತು. ಹತ್ತೂ ನಲವತ್ತು. ಅರ್ಚಕರ ದನಿಯನ್ನು ಕರೆದ, ಬರಲಿಲ್ಲ. ಮೌಲ್ವಿಗಳು, ಪಾದ್ರಿಗಳು, ಯಾರೂ ಗಂಟಲಿಗೆ ಇಳಿಯಲಿಲ್ಲ. ಹತ್ತೂ ಐವತ್ತು. ಪಕ್ಕದಲ್ಲಿ ಕೂತವರು ಎದ್ದು ದೂರ ಹೋದರು. ಇವನು ಜೋರಾಗಿ ಮಾತಾಡುತ್ತಿದ್ದ ಅಂತ ಇವನಿಗೆ ಗೊತ್ತೇ ಇರಲಿಲ್ಲ. “ನೀನಿದ್ದರೆ, ನಿನ್ನಭಯ ನನಗಿರಲಿ. ನೀನಿಲ್ಲದಿದ್ದರೆ...” ಅಲ್ಲಿ ನಾಲಿಗೆ ತಡೆಯಿತು. ನನ್ನ, ಆಮೇಲೆ ಉಸಿರು, ಆಮೇಲೆ ಭಯ. ಎಡೆ ಬಿತ್ತು. ಈ ಸಲ ಅದು ಯಾರ ಅಣಕವೂ ಆಗಿರಲಿಲ್ಲ.

ಹತ್ತೂ ಐವತ್ತಾರಕ್ಕೆ ಫೋನು ಬಡಿಯಿತು. ಹೆಂಗಸು ಎತ್ತಿದಳು. “ಹ್ಞೂಂ” ಅಂದಳು. ಮತ್ತೆ “ಹ್ಞೂಂ” ಅಂದಳು. ಎರಡು ಹ್ಞೂಂಗಳ ನಡುವೆ ಕರಡಿ ಎದ್ದು ನಿಂತಿದ್ದ.

“ಶುರುವಾಯ್ತಂತೆ.”

“ತಾನಾಗೇನಾ?”

“ಅದನ್ನ ಹೇಳಿಲ್ಲ. ನಡೀತಿದೆ ಅಂದ್ರು. ಹೊಲಿಗೆ ಹಾಕಿ ಮುಗಿಸಿ, ಪ್ರಜ್ಞೆ ಬರೋಕೆ ಸಂಜೆ ಆಗುತ್ತಂತೆ. ಕೂತ್ಕೊಳ್ಳಿ ಸಾರ್, ಬಿದ್ದೀರಿ.”

ಕೂತ. ಪುಸ್ತಕ ತೊಡೆಯ ಮೇಲೆ ತೆರೆದೇ ಇತ್ತು. ಮೊದಲ ಸಾಲಿನಲ್ಲಿ ಅವಳ ಕೆಂಪು ಹೊಲಿಗೆ, ಎರಡನೆಯದು ಬಿಚ್ಚಿಕೊಂಡೇ ಇತ್ತು. ಹೆದರಿಕೆ ಇಳಿದಿರಲಿಲ್ಲ, ಸಂಜೆಯವರೆಗೆ ಇಳಿಯುವಂತೆಯೂ ಇರಲಿಲ್ಲ. ಇಪ್ಪತ್ತೆಂಟು ವರ್ಷದ ಚಾಳಿಯಿಂದ ಕೈ ಪೆನ್ನು ತೆಗೆದು ಆ ಎಡೆಯ ಮೇಲೆ ತಂದು ನಿಲ್ಲಿಸಿತು. ಅವನು ನೋಡುತ್ತಾ ಕೂತ. ಆಮೇಲೆ ತಿದ್ದದೆ ಮುಚ್ಚಳ ಹಾಕಿದ. ಮೊದಲ ಸಲಕ್ಕೆ ಅದು ಸರಿಯಾಗಿ ಕೂರಲಿಲ್ಲ.